ಹೊಸ ಉಪ್ಪುನೀರಿನ ಅಕ್ವೇರಿಯಂ ಕೆಟ್ಟರೆ ಯಾವ ನೀರು, ಯಾವ ಕಿಟ್, ಯಾವ ಮದ್ದು?

ಮೊನ್ನೆ ಭಾನುವಾರ ಕುವೆಂಪುನಗರದ ಪರಿಚಿತರೊಬ್ಬರು ಮನೆಗೆ ಬಂದರು. ಕೈಯಲ್ಲೊಂದು ಚೀಟಿ. ಒಂದು ಮಗ್ಗುಲಲ್ಲಿ ಮೂರು ವಾರದ ಹಿಂದೆ ಶುರು ಮಾಡಿದ ನೂರು ಲೀಟರಿನ ಉಪ್ಪುನೀರಿನ ಟ್ಯಾಂಕಿನ ಅಂಕಿಗಳು: ಅಮೋನಿಯ 1, ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) 7.8, ಕ್ಷಾರತೆ (ಪಿಎಚ್ ಇಳಿಯದಂತೆ ತಡೆಯುವ ನೀರಿನ ಶಕ್ತಿ) 7, ಕ್ಯಾಲ್ಸಿಯಂ 360, ಮೆಗ್ನೀಸಿಯಂ 1,110. ಇನ್ನೊಂದು ಮಗ್ಗುಲಲ್ಲಿ ಅಂಗಡಿಯವರು ಬರೆದುಕೊಟ್ಟ ಐದು ಬಾಟಲಿಗಳ ಹೆಸರು. "ಸಾರ್, ಐದನ್ನೂ ಒಟ್ಟಿಗೆ ಕೊಳ್ಳುವ ಶಕ್ತಿ ಇಲ್ಲ. ಯಾವುದರಿಂದ ಶುರು ಮಾಡಲಿ?" ಎಂದು ಕೇಳಿದರು.

ಕೊನೆಗೆ ಐದರಲ್ಲಿ ಒಂದೂ ಬೇಕಾಗಲಿಲ್ಲ. ಯಾಕೆ ಬೇಕಾಗಲಿಲ್ಲ ಎಂದು ವಿವರಿಸುತ್ತಾ ಹೋದಾಗ, ಇದನ್ನೆಲ್ಲ ಒಂದು ಕಡೆ ಬರೆದಿಟ್ಟರೆ ಮೈಸೂರು, ಮಂಡ್ಯದ ಇನ್ನಷ್ಟು ಜನರಿಗೆ ಉಪಯೋಗವಾದೀತು ಅನ್ನಿಸಿತು. ಉಪ್ಪುನೀರಿನ ಟ್ಯಾಂಕಿನ ಕುರಿತು ಸಿಗುವ ಮಾಹಿತಿಯಲ್ಲಿ ಬಹುಪಾಲು ಬೇರೆ ದೇಶದ ನಲ್ಲಿ ನೀರನ್ನು, ಬೇರೆ ದೇಶದ ಹವೆಯನ್ನು ನಂಬಿಕೊಂಡು ಬರೆದದ್ದು. ನಮಗೆ ಬೋರ್‌ವೆಲ್ ಇದೆ, ಸಂಪು ಇದೆ, ಏಪ್ರಿಲ್ ಇದೆ.

ಮೊದಲು ಅಳತೆಗೋಲು

ಯಾವುದೇ ಮದ್ದನ್ನು ಆರಿಸುವ ಮುನ್ನ ನಾನು ಕೇಳಿಕೊಳ್ಳುವುದು ನಾಲ್ಕು ಪ್ರಶ್ನೆ. ಈ ತೊಂದರೆ ಮೀನನ್ನು ಇವತ್ತು ರಾತ್ರಿಯೇ ತೆಗೆದುಕೊಂಡು ಹೋಗುತ್ತದೆಯೇ, ಇಲ್ಲ ತಿಂಗಳುಗಟ್ಟಲೆ ಕಾಯುತ್ತದೆಯೇ? ಮೀನಿನ ಮಲ ಕೊಳೆತು ಹುಟ್ಟುವ ಅಮೋನಿಯ ಮೊದಲನೆಯ ಜಾತಿ, ಕೊನೆಗೆ ಅದರಿಂದಲೇ ಆಗುವ ನೈಟ್ರೇಟ್ ಎರಡನೆಯದು. ಎರಡಕ್ಕೂ ಒಂದೇ ಗಾಬರಿ ಬೇಡ. ಈ ಮದ್ದು ಒಂದೇ ಅಂಕಿಯನ್ನು ಮುಟ್ಟುತ್ತದೆಯೇ, ಜೊತೆಗೆ ಇನ್ನೊಂದನ್ನೂ ಎಳೆದಾಡುತ್ತದೆಯೇ? ನಾಲ್ಕರಲ್ಲಿ ನಾನು ಹೆಚ್ಚು ತೂಕ ಕೊಡುವುದು ಈ ಎರಡನೆಯದಕ್ಕೆ. ನನ್ನ ಮೊದಲ ಎರಡು ಕ್ಲೌನ್ ಮೀನುಗಳನ್ನು ಕೊಂದದ್ದು ಅಮೋನಿಯಕ್ಕಿಂತ ಹೆಚ್ಚಾಗಿ ನಾನು ಹಾಕಿದ ಮದ್ದು. ಆ ಕಥೆ ಮುಂದೆ ಬರುತ್ತದೆ. ಮೂರನೆಯ ಪ್ರಶ್ನೆ ತಿಂಗಳ ಖರ್ಚಿನದು. ಒಂದೇ ಸಲ ಕೊಳ್ಳುವ ಯಂತ್ರ ದುಬಾರಿ ಎನ್ನಿಸುತ್ತದೆ, ತಿಂಗಳು ತಿಂಗಳು ಕೊಳ್ಳುವ ಬಾಟಲಿ ಅಗ್ಗ ಎನ್ನಿಸುತ್ತದೆ. ವರ್ಷದ ಲೆಕ್ಕ ಹಾಕಿದರೆ ಸಾಮಾನ್ಯವಾಗಿ ತಿರುಗುಮುರುಗು. ನಾಲ್ಕನೆಯದು, ಬೇಕಾದ ದಿನ ಅದು ಕೈಗೆ ಸಿಗುತ್ತದೆಯೇ? ಅಮೋನಿಯ ಏರಿದ ಸಂಜೆ ಕೊರಿಯರ್‌ಗಾಗಿ ಕಾಯುವಂತಿಲ್ಲ.

ಹೋಲಿಸಲು ಗುರಿಯ ಅಂಕಿಗಳೂ ಕಣ್ಣಮುಂದೆ ಇರಲಿ. ಲವಣಾಂಶ ಸಾವಿರಕ್ಕೆ 35 ಭಾಗ, ಅಂದರೆ ಸಾಪೇಕ್ಷ ಸಾಂದ್ರತೆ ಸುಮಾರು 1.026. ಉಷ್ಣಾಂಶ 25ರಿಂದ 27 ಡಿಗ್ರಿ. ಪಿಎಚ್ 7.8ರಿಂದ 8.4ರವರೆಗೆ ಎಲ್ಲಿದ್ದರೂ ಸರಿ. ಕ್ಷಾರತೆ 7ರಿಂದ 11 ಡಿಕೆಎಚ್ (ಕ್ಷಾರತೆಯ ಮಾನ), ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಮೆಗ್ನೀಸಿಯಂ 1,300ರ ಆಸುಪಾಸು. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ. ಹವಳ ಇಲ್ಲದೆ ಬರೀ ಮೀನು ಸಾಕುವವರು ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಬಗ್ಗೆ ಮೊದಲ ವರ್ಷ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಯಾವ ನೀರು

ನಲ್ಲಿ ನೀರಿನಿಂದ ಶುರು ಮಾಡೋಣ. ಮೈಸೂರಿಗೆ ಹೊಂಗಳ್ಳಿ, ಬೆಳಗೊಳದ ಕಡೆಯಿಂದ ಕಾವೇರಿ ಬರುತ್ತದೆ, ಕೆಲವು ಬಡಾವಣೆಗಳಿಗೆ ಕಬಿನಿ. ಕುಡಿಯಲು ಒಳ್ಳೆಯ ನೀರೇ. ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ, ಜೊತೆಗೆ ಸಿಲಿಕೇಟ್, ಸ್ವಲ್ಪ ಫಾಸ್ಫೇಟ್, ನೈಟ್ರೇಟ್ ಇರಬಹುದು. ಕ್ಲೋರಿನ್ ಸುಲಭ: ಸೋಡಿಯಂ ಥಯೋಸಲ್ಫೇಟ್ ಹರಳು ಅಗ್ಗ, ಒಂದು ದಿನ ಗಾಳಿ ಪಂಪ್ ಹಾಕಿಟ್ಟರೂ ಕ್ಲೋರಿನ್ ಹಾರಿಹೋಗುತ್ತದೆ. ಉಳಿದದ್ದು ಹಾರಿಹೋಗುವುದಿಲ್ಲ, ಕೂಡುತ್ತಾ ಹೋಗುತ್ತದೆ, ಪಾಚಿಗೆ ಊಟವಾಗುತ್ತದೆ. ಆವಿಯಾಗಿ ಆರಿಹೋದ ನೀರಿನ ಜಾಗಕ್ಕೆ ದಿನಕ್ಕೆ ಎರಡು ಲೀಟರ್ ನಲ್ಲಿ ನೀರು ಸುರಿಯುತ್ತೀರಿ ಎನ್ನಿ, ಅದರ ಟಿಡಿಎಸ್, ಅಂದರೆ ಒಂದು ಲೀಟರಿನಲ್ಲಿ ಕರಗಿರುವ ಲವಣ, 200 ಮಿಲಿಗ್ರಾಂ ಎನ್ನಿ. ತಿಂಗಳಿಗೆ ಅರವತ್ತು ಲೀಟರ್, ಅಂದರೆ ಹನ್ನೆರಡು ಗ್ರಾಂ ಬೇಡದ ಲವಣ ನೂರು ಲೀಟರಿನ ಟ್ಯಾಂಕಿನಲ್ಲಿ ಶಾಶ್ವತವಾಗಿ ನಿಂತಿತು. ಮಳೆಗಾಲದಲ್ಲಿ ಕೆಆರ್‌ಎಸ್‌ಗೆ ಕೆಂಪು ನೀರು ಬಂದಾಗ ನಿಮ್ಮ ಬಕೆಟ್ಟಿನ ನೀರಿನ ಗುಣವೂ ಬದಲಾಗುತ್ತದೆ. ಮೇ ತಿಂಗಳ ಲೆಕ್ಕ ಆಗಸ್ಟಿಗೆ ಸರಿಹೊಂದುವುದಿಲ್ಲ. ಬರೀ ಮೀನಿನ ಟ್ಯಾಂಕ್, ಕೈಯಲ್ಲಿ ಹಣ ಕಡಿಮೆ ಎನ್ನುವವರಿಗೆ ನಲ್ಲಿ ನೀರು ನಡೆಯುತ್ತದೆ, ಪಾಚಿಯೊಂದಿಗೆ ಬಾಳುವ ತಾಳ್ಮೆ ಇದ್ದರೆ.

ಮಂಡ್ಯದ ಕಡೆಯ ಬೋರ್‌ವೆಲ್ ನೀರನ್ನು ನೇರವಾಗಿ ಹಾಕುವುದಂತೂ ಬೇಡ. ಬಿಸಿನೀರಿನ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟಿಸುವ ಗಡಸು ಅದು. ಜೊತೆಗೆ ಕಬ್ಬು, ಭತ್ತದ ಗದ್ದೆಗಳ ನಡುವಿನ ಕೊಳವೆ ಬಾವಿಯಲ್ಲಿ ಗೊಬ್ಬರದ ನೈಟ್ರೇಟ್ ಇಳಿದಿರುವ ಸಾಧ್ಯತೆ ಇದೆ. ನೀರು ಬದಲಾಯಿಸಿದಷ್ಟೂ ನೈಟ್ರೇಟ್ ಏರುತ್ತದೆ ಎಂದು ಗೋಳಾಡುವವರು ಒಮ್ಮೆ ಬೋರ್‌ವೆಲ್ ನೀರನ್ನೇ ಕಿಟ್ಟಿನಲ್ಲಿ ಪರೀಕ್ಷಿಸಲಿ. ಅಪಾರ್ಟ್‌ಮೆಂಟುಗಳಲ್ಲಿ ಇಟ್ಟಿರುವ ಸಾಫ್ಟನರ್ ಇದಕ್ಕೆ ಪರಿಹಾರವಲ್ಲ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಸೋಡಿಯಂ ಕೊಡುತ್ತದೆ; ಟಿಡಿಎಸ್ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಆದರೆ ಆರ್‌ಒ ಯಂತ್ರಕ್ಕೆ ಕೊಡುವ ನೀರು ಸಾಫ್ಟನರ್ ದಾಟಿ ಬಂದರೆ ಯಂತ್ರದೊಳಗೆ ನೀರು ಸೋಸುವ ಪೊರೆಗೆ ಆಯುಸ್ಸು ಹೆಚ್ಚು.

ಮನೆಯ ಕುಡಿಯುವ ನೀರಿನ ಆರ್‌ಒ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಈ ಯಂತ್ರಗಳ ಪೊರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಲವಣದ ನೂರರಲ್ಲಿ ತೊಂಬತ್ತೈದು ಭಾಗವನ್ನು ತಡೆಯುತ್ತದೆ. ಆಮೇಲೆ ತಯಾರಕರು ರುಚಿಗಾಗಿ ಸೋಸದ ನೀರನ್ನು ಒಂದಿಷ್ಟು ಬೆರೆಸುತ್ತಾರೆ ಅಥವಾ ಖನಿಜದ ಕಾರ್ಟ್ರಿಜ್ ಕೂರಿಸುತ್ತಾರೆ. ಕುಡಿಯುವವರಿಗೆ ಅದು ಸರಿ. ನನ್ನ ಮನೆಯ ಯಂತ್ರದ ನೀರು ಟಿಡಿಎಸ್ 90 ತೋರಿಸುತ್ತಿತ್ತು. ಸರ್ವಿಸ್‌ಗೆ ಬಂದ ಹುಡುಗ "ನೀರು ಸಪ್ಪೆ ಇತ್ತು, ನಾನೇ ವಾಲ್ವ್ ತಿರುಗಿಸಿದೆ" ಎಂದು ಹೆಮ್ಮೆಯಿಂದ ಹೇಳಿದ. ಆರು ತಿಂಗಳು ನಾನು ಅದನ್ನೇ ಶುದ್ಧ ನೀರೆಂದು ಟ್ಯಾಂಕಿಗೆ ಸುರಿದಿದ್ದೆ. ಇರುವ ಯಂತ್ರವನ್ನೇ ಬಳಸುವುದಾದರೆ ಪೊರೆಯಿಂದ ಹೊರಬರುವ ಕೊಳವೆಗೆ, ಬೆರಕೆಗೆ ಮುಂಚೆ, ಒಂದು ಕವಲು ಹಾಕಿಸಿ. ಅದರ ಮುಂದೆ, ಉಳಿದ ಲವಣವನ್ನೂ ಹಿಡಿದಿಟ್ಟುಕೊಳ್ಳುವ ಡಿಐ ರಾಳದ ಒಂದು ಕಾರ್ಟ್ರಿಜ್ ಜೋಡಿಸಿ. ಹೊಸ ಯಂತ್ರ ಕೊಳ್ಳುವುದಕ್ಕಿಂತ ಬಹಳ ಅಗ್ಗವಾಗಿ ಟಿಡಿಎಸ್ ಸೊನ್ನೆಗೆ ಇಳಿಯುತ್ತದೆ. ಮೀಟರಿನಲ್ಲಿ ಮತ್ತೆ 1, 2 ಕಾಣಲು ಶುರುವಾದ ದಿನ ರಾಳ ಬದಲಾಯಿಸಿ.

ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದು ತರುವ ಇಪ್ಪತ್ತು ಲೀಟರ್ ಕ್ಯಾನಿಗೂ ಇದೇ ಮಾತು. ಅದು ಆರ್‌ಒ ನೀರು, ಆದರೆ ಪೊರೆ ಬದಲಾಯಿಸಿ ಎಷ್ಟು ದಿನವಾಯಿತು ಎನ್ನುವುದು ಹೊರಗೆ ಕಾಣದು. ಜೇಬಿನಲ್ಲಿ ಟಿಡಿಎಸ್ ಅಳೆಯುವ ಪೆನ್ ಇರಲಿ. 20ರ ಒಳಗೆ ಬಂದರೆ ಹಳ್ಳಿಯಲ್ಲಿರುವವರಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮೂವತ್ತು ಲೀಟರಿನ ಪುಟ್ಟ ಟ್ಯಾಂಕಿಗೆ, ಆರಿದಷ್ಟನ್ನು ತುಂಬಲು ಮಾತ್ರ ಸರಿ. ಅದನ್ನೂ ಪೆನ್ನಿನಿಂದ ನೋಡಿಯೇ ಹಾಕಿ.

ಮಳೆನೀರು? ಹೆಂಚಿನ ಮಾಡಿನಿಂದ, ಮೊದಲ ಎರಡು ಮೂರು ಮಳೆ ಹರಿದುಹೋದ ಮೇಲೆ ಹಿಡಿದದ್ದಾದರೆ ಪರವಾಗಿಲ್ಲ. ಸತುವಿನ ತಗಡಿನ ಚಾವಣಿಯದಾದರೆ ಮುಟ್ಟಬೇಡಿ. ಹಾಗೆಯೇ ತಾಮ್ರದ ಹಂಡೆ, ತಾಮ್ರದ ಬಿಂದಿಗೆಯಲ್ಲಿ ರಾತ್ರಿಯಿಡೀ ಇಟ್ಟ ನೀರು ನಮ್ಮ ಹಿರಿಯರಿಗೆ ಆರೋಗ್ಯಕರ ಇರಬಹುದು, ಸೀಗಡಿ, ಬಸವನಹುಳು, ಹವಳಗಳಿಗೆ ಅದು ವಿಷ. ತಾಮ್ರ ಒಮ್ಮೆ ಕಲ್ಲು, ಮರಳಿನೊಳಗೆ ಸೇರಿದರೆ ತೆಗೆಯುವುದು ಬಲು ಕಷ್ಟ.

ಇನ್ನು, ಮಂಗಳೂರಿಗೆ ಹೋದಾಗ ಕ್ಯಾನಿನಲ್ಲಿ ಕಡಲ ನೀರನ್ನೇ ತುಂಬಿಕೊಂಡು ಬಂದರೆ ಹೇಗೆ ಎಂದು ಕೇಳುವವರು ಬಹಳ. ಕೇಳಲು ಚೆನ್ನ. ನೂರು ಲೀಟರ್ ಕಡಲ ನೀರಿನ ತೂಕ ನೂರೆರಡು ಕಿಲೋ ದಾಟುತ್ತದೆ, ಅದನ್ನು ಮಡಿಕೇರಿ ಘಟ್ಟ ಹತ್ತಿಸಿ ಇನ್ನೂರೈವತ್ತು ಕಿಲೋಮೀಟರ್ ತರಬೇಕು. ಅಷ್ಟೇ ನೀರು ಮಾಡಲು ಬೇಕಾಗುವ ಉಪ್ಪಿನ ಪುಡಿ ನಾಲ್ಕು ಕಿಲೋ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳು ತುಂಬಿ ಹರಿದು ದಡದ ನೀರಿನ ಲವಣಾಂಶ ಇಳಿದಿರುತ್ತದೆ, ಬಂದರಿನ ಹತ್ತಿರ ಎಣ್ಣೆಯ ಭಯ ಬೇರೆ. ಒಂದು ಸಲ ಹುಚ್ಚಿಗೆ ತಂದು ನೋಡಿದ್ದೇನೆ. ಕಾರಿನ ಹಿಂದಿನ ಸೀಟು ಇವತ್ತಿಗೂ ಅದನ್ನು ಮರೆತಿಲ್ಲ.

ಕೊನೆಯದು, ಅಕ್ವೇರಿಯಂಗೆಂದೇ ಸಿಗುವ ನಾಲ್ಕು ಹಂತದ ಆರ್‌ಒ-ಡಿಐ. ಆರಂಭದ ಖರ್ಚು ಹೆಚ್ಚು, ಆಮೇಲೆ ಲೀಟರಿನ ಲೆಕ್ಕದಲ್ಲಿ ಎಲ್ಲಕ್ಕಿಂತ ನಿಶ್ಚಿಂತೆ. ಒಂದು ಲೀಟರ್ ಒಳ್ಳೆಯ ನೀರಿಗೆ ಮೂರು ಲೀಟರ್ ಹೊರಗೆ ಹೋಗುವುದು ಇದರ ದೋಷ. ತಿಂಗಳಿಗೆ ಎಂಬತ್ತು ಲೀಟರ್ ಬೇಕಾದವರು ಇನ್ನೂರ ನಲವತ್ತು ಲೀಟರನ್ನು ನೆಲ ಒರೆಸಲು, ಗಿಡಕ್ಕೆ ಹಾಕಲು ಹಿಡಿದಿಟ್ಟುಕೊಳ್ಳಬೇಕು. ನೂರು ಲೀಟರಿಗಿಂತ ದೊಡ್ಡ ಟ್ಯಾಂಕ್, ಹವಳ ಸಾಕುವ ಆಸೆ, ಬೋರ್‌ವೆಲ್ ನೀರು, ಈ ಮೂರರಲ್ಲಿ ಎರಡು ನಿಮಗೆ ಅನ್ವಯಿಸಿದರೆ ಇದನ್ನೇ ಕೊಳ್ಳಿ.

ಉಪ್ಪು

ಅಡುಗೆಮನೆಯ ಕಲ್ಲುಪ್ಪು ಸಾಲದೇ ಎಂಬ ಪ್ರಶ್ನೆಗೆ ಉತ್ತರ ಉಪ್ಪಿನ ಗದ್ದೆಯಲ್ಲಿದೆ. ಕಡಲ ನೀರು ಆರುವಾಗ ಕ್ಯಾಲ್ಸಿಯಂ ಮೊದಲೇ ಜಿಪ್ಸಂ ಆಗಿ ಕೂರುತ್ತದೆ, ಆಮೇಲೆ ನಮ್ಮ ಉಪ್ಪು ಹರಳುಗಟ್ಟುತ್ತದೆ, ಮೆಗ್ನೀಸಿಯಂ ಕಹಿ ನೀರಿನಲ್ಲೇ ಉಳಿದುಬಿಡುತ್ತದೆ. ಹಾಗಾಗಿ ಕಲ್ಲುಪ್ಪು ಕಡಲಿನಿಂದ ಬಂದದ್ದಾದರೂ ಅದನ್ನು ಕರಗಿಸಿದರೆ ಕಡಲು ಆಗುವುದಿಲ್ಲ. ಅಕ್ವೇರಿಯಂ ಉಪ್ಪುಗಳಲ್ಲಿ ಸಾಮಾನ್ಯ ಬಗೆಯದು, ಹವಳದ ಬಗೆಯದು ಎಂದು ಎರಡಿವೆ. ಎರಡನೆಯದರಲ್ಲಿ ಕ್ಷಾರತೆ, ಕ್ಯಾಲ್ಸಿಯಂ ಹೆಚ್ಚು, ಬೆಲೆಯೂ ಹೆಚ್ಚು. ಮೊದಲ ವರ್ಷ ಬರೀ ಮೀನು ಸಾಕುವವರಿಗೆ ಸಾಮಾನ್ಯ ಉಪ್ಪು ಧಾರಾಳ ಸಾಕು. ಸಣ್ಣ ಪೊಟ್ಟಣಗಳಿಗಿಂತ ದೊಡ್ಡ ಡಬ್ಬ ಅಗ್ಗ, ಆದರೆ ಮಳೆಗಾಲದ ತೇವಕ್ಕೆ ಗಟ್ಟಿಯಾಗುತ್ತದೆ, ಮುಚ್ಚಳ ಭದ್ರವಾಗಿರಲಿ.

ಯಾವುದರಿಂದ ಅಳೆಯುವುದು

ಲವಣಾಂಶ ಅಳೆಯಲು ಮುಳ್ಳು ತೇಲುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಎಲ್ಲಕ್ಕಿಂತ ಅಗ್ಗ. ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿಕೊಂಡರೂ ಅದು ಹೆಚ್ಚು ತೋರಿಸುತ್ತದೆ. ಹನಿ ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಲವಣಾಂಶ ಹೇಳುವ ರಿಫ್ರಾಕ್ಟೋಮೀಟರ್ ಒಂದೆರಡು ಮೀನಿನ ಬೆಲೆಯಲ್ಲಿ ಬರುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಇಡೀ ಪಟ್ಟಿಯಲ್ಲಿ ಒಂದೇ ಒಂದು ವಸ್ತುವಿಗೆ ಹೆಚ್ಚು ಖರ್ಚು ಮಾಡುವುದಾದರೆ ಇದಕ್ಕೇ ಮಾಡಿ. ಬರೀ ಸಾದಾ ನೀರಿನಿಂದ ಸೊನ್ನೆಗೆ ಕೂರಿಸಿ ಸುಮ್ಮನಾಗಬೇಡಿ, 35ರ ಪ್ರಮಾಣಿತ ದ್ರಾವಣದ ಸಣ್ಣ ಬಾಟಲಿ ತಂದು ಅದರಿಂದ ಸರಿಪಡಿಸಿ.

ಕುವೆಂಪುನಗರದ ಚೀಟಿಯ ಗುಟ್ಟು ಬಯಲಾದದ್ದು ಹೀಗೆಯೇ. ಕ್ಷಾರತೆ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮೂರೂ ಒಟ್ಟಿಗೆ ಕಡಿಮೆ ಬಂದರೆ ಮೂರು ಕಾಯಿಲೆ ಇಲ್ಲ, ಒಂದೇ ಕಾಯಿಲೆ ಇದೆ ಎಂದು ಅನುಮಾನಿಸಬೇಕು. ಅವರ ಹೈಡ್ರೋಮೀಟರ್ 35 ತೋರಿಸುತ್ತಿತ್ತು. ನನ್ನ ರಿಫ್ರಾಕ್ಟೋಮೀಟರ್ 30 ಎಂದಿತು. 35ರಲ್ಲಿ 420 ಇರಬೇಕಾದ ಕ್ಯಾಲ್ಸಿಯಂ 30ರಲ್ಲಿ 360 ಆಗುತ್ತದೆ, 1,300ರ ಮೆಗ್ನೀಸಿಯಂ 1,110ರ ಸಮೀಪಕ್ಕೆ ಇಳಿಯುತ್ತದೆ, 8ರ ಕ್ಷಾರತೆ 7ಕ್ಕೆ. ಐದು ಬಾಟಲಿಗಳಲ್ಲಿ ಮೂರು ಅಲ್ಲಿಗೇ ಮುಗಿದವು. ಬೇಕಾಗಿದ್ದದ್ದು ಅರ್ಧ ಕಿಲೋ ಉಪ್ಪು. ಅದನ್ನೂ ಒಟ್ಟಿಗೆ ಸುರಿಯುವಂತಿಲ್ಲ. ಆರಿದ ನೀರಿನ ಜಾಗಕ್ಕೆ ಸಾದಾ ನೀರಿನ ಬದಲು ಉಪ್ಪುನೀರು ತುಂಬುತ್ತಾ ದಿನಕ್ಕೆ ಒಂದು ಭಾಗದಂತೆ ಏರಿಸಬೇಕು.

ರಾಸಾಯನಿಕ ಪರೀಕ್ಷೆಗಳಲ್ಲಿ ಕಾಗದದ ಪಟ್ಟಿ ಅವಸರದವರಿಗೆ ಇಷ್ಟ, ಆದರೆ ಉಪ್ಪುನೀರಿನಲ್ಲಿ ಅದರ ಬಣ್ಣ ನಂಬಿ ತೀರ್ಮಾನ ಮಾಡುವಂತಿಲ್ಲ. ಹನಿ ಹಾಕಿ ಬಣ್ಣ ನೋಡುವ ಕಿಟ್ ಅಮೋನಿಯ, ನೈಟ್ರೇಟ್‌ಗೆ ಸಾಕು; ಟ್ಯೂಬ್‌ಲೈಟಿನ ಕೆಳಗೆ ನೋಡದೆ ಬೆಳಗಿನ ಕಿಟಕಿಯ ಬಳಿ ನೋಡಿ, ಡಬ್ಬದ ಮೇಲಿನ ಅವಧಿ ಓದಿ. ಕ್ಷಾರತೆ, ಕ್ಯಾಲ್ಸಿಯಂಗೆ ಹನಿ ಎಣಿಸುವ ಕಿಟ್ ಒಳ್ಳೆಯದು, ಏಕೆಂದರೆ ಅಲ್ಲಿ ಛಾಯೆ ಹೋಲಿಸುವುದಿಲ್ಲ, ಬಣ್ಣ ತಟ್ಟನೆ ತಿರುಗುವ ಹನಿ ಯಾವುದೆಂದು ಎಣಿಸುತ್ತೀರಿ. ಹ್ಯಾನಾ ತಯಾರಿಸುವಂಥ ಕೈಯಲ್ಲಿ ಹಿಡಿಯುವ ಡಿಜಿಟಲ್ ಯಂತ್ರ ಬಣ್ಣ ಗುರುತಿಸಲು ಕಷ್ಟಪಡುವ ಕಣ್ಣುಗಳಿಗೆ ವರ. ಆದರೆ ಯಂತ್ರದ ಬೆಲೆಯ ಮೇಲೆ ಪ್ರತಿ ಸಲ ರಾಸಾಯನಿಕದ ಖರ್ಚು ಇದ್ದೇ ಇದೆ, ಗಾಜಿನ ಮೇಲೆ ಒಂದು ಬೆರಳ ಗುರುತು ಇದ್ದರೂ ಅಂಕಿ ತಪ್ಪುತ್ತದೆ.

ಅಮೋನಿಯ ಏರಿದಾಗ

ಮೀನಿನ ಮಲ, ಉಳಿದ ಆಹಾರ ಕೊಳೆತು ಅಮೋನಿಯ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ಈ ಸಂಸಾರ ಕಲ್ಲು, ಮರಳಿನ ಮೇಲೆ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹೊಸ ಟ್ಯಾಂಕಿನಲ್ಲಿ ಅಮೋನಿಯ ಕಂಡರೆ ಅದು ಅಪಘಾತವಲ್ಲ, ಹಾದಿಯ ಒಂದು ಊರು. ಅಲ್ಲಿ ಮೀನು ಇದೆಯೇ ಇಲ್ಲವೇ ಎನ್ನುವುದರ ಮೇಲೆ ನಿಮ್ಮ ಆಯ್ಕೆ ನಿಂತಿದೆ.

ಮೀನು ಇಲ್ಲದಿದ್ದರೆ ಕಾಯುವುದೇ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಒಳ್ಳೆಯ ದಾರಿ. ಮೀನು ಮಾರುಕಟ್ಟೆಯಿಂದ ಒಂದು ಹಸಿ ಸೀಗಡಿ ತಂದು ಹಾಕಿ ಕೊಳೆಯಲು ಬಿಟ್ಟರೆ ಬ್ಯಾಕ್ಟೀರಿಯಗಳಿಗೆ ಊಟ ಸಿಗುತ್ತದೆ. ಮನೆಯವರು ವಾಸನೆಗೆ ಮುನಿಸಿಕೊಳ್ಳುತ್ತಾರೆ. ಶುದ್ಧ ಅಮೋನಿಯಂ ಕ್ಲೋರೈಡ್ ಹಾಕಿ 2 ಪಿಪಿಎಂಗೆ ತಂದರೆ ವಾಸನೆ ಇಲ್ಲ, ಲೆಕ್ಕ ನಿಖರ. ಬಾಟಲಿಯ ಬ್ಯಾಕ್ಟೀರಿಯ ಕಾಯುವ ಕಾಲವನ್ನು ಕಡಿಮೆ ಮಾಡಬಲ್ಲದು, ಬಾಟಲಿಯೊಳಗೆ ಅವು ಇನ್ನೂ ಬದುಕಿದ್ದರೆ. ಬೇಸಿಗೆಯಲ್ಲಿ ಲಾರಿಯಲ್ಲಿ ನಾಲ್ಕು ದಿನ ಬೆಂದು ಬಂದ ಬಾಟಲಿಗೆ ನಾನು ಹಣ ಕೊಡುವುದಿಲ್ಲ. ಅದಕ್ಕಿಂತ ಹಳೆಯ ಟ್ಯಾಂಕ್ ಇರುವ ಗೆಳೆಯರಿಂದ ಒಂದು ಹಿಡಿ ಮರಳನ್ನೋ ಫಿಲ್ಟರಿನ ಸ್ಪಂಜನ್ನೋ ಕೇಳಿ ತಂದರೆ ಬ್ಯಾಕ್ಟೀರಿಯ ಪುಕ್ಕಟೆ. ಅವರ ಮೀನುಗಳ ರೋಗವೂ ಪುಕ್ಕಟೆಯಾಗಿ ಬರಬಹುದು, ಆದ್ದರಿಂದ ಗೆಳೆಯರನ್ನು ನೋಡಿ ಕೇಳಿ. ಕಡಲಿನಿಂದ ಕಿತ್ತ ಜೀವಂತ ಕಲ್ಲನ್ನು (ಬ್ಯಾಕ್ಟೀರಿಯ ನೆಲೆಸಿದ ಹವಳದ ಕಲ್ಲು) ಕಡಿಮೆ ಬೆಲೆಗೆ ಕೊಡುತ್ತೇವೆ ಎನ್ನುವವರು ಸಿಕ್ಕರೆ ದೂರ ಇರಿ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಒಣ ಕಲ್ಲು, ಸೆರಾಮಿಕ್ ಕಲ್ಲು ಒಂದೆರಡು ತಿಂಗಳಲ್ಲಿ ಅದೇ ಕೆಲಸ ಮಾಡುತ್ತವೆ.

ಮೀನು ಈಗಾಗಲೇ ಒಳಗಿದ್ದರೆ ಲೆಕ್ಕ ಬೇರೆ. ಅರ್ಧ ನೀರು ಬದಲಾಯಿಸಿದರೆ ಅಮೋನಿಯ ಅರ್ಧವಾಗುತ್ತದೆ, ಇದರಲ್ಲಿ ಮಾಯೆ ಏನಿಲ್ಲ. ಹೊಸ ನೀರಿನ ಲವಣಾಂಶ, ಉಷ್ಣಾಂಶ, ಪಿಎಚ್ ಹೊಂದಿಸಿದ್ದರೆ ಬೇರೆ ಯಾವ ಅಂಕಿಯೂ ಕುಣಿಯುವುದಿಲ್ಲ. ನನ್ನ ಎರಡನೆಯ ಪ್ರಶ್ನೆಗೆ ಇದರಷ್ಟು ಚೆನ್ನಾಗಿ ಉತ್ತರಿಸುವ ಮದ್ದು ಇನ್ನೊಂದಿಲ್ಲ. ಆದ್ದರಿಂದ ಬೆರೆಸಿಟ್ಟ ನಲವತ್ತು ಲೀಟರ್ ಉಪ್ಪುನೀರು ಮನೆಯಲ್ಲಿ ಯಾವಾಗಲೂ ಇರಬೇಕು. ಇದು ನಿಮ್ಮ ಅಗ್ನಿಶಾಮಕ. ಜೊತೆಗೆ ಎರಡು ದಿನ ಆಹಾರ ನಿಲ್ಲಿಸಿ, ಆರೋಗ್ಯವಾಗಿರುವ ಮೀನಿಗೆ ಏನೂ ಆಗುವುದಿಲ್ಲ. ಸಿಹಿನೀರಿನವರು ಹೇಳುವ ಜಿಯೋಲೈಟ್ ಕಲ್ಲು ಇಲ್ಲಿ ಹೆಚ್ಚೇನೂ ಮಾಡದು, ಉಪ್ಪುನೀರಿನ ಸೋಡಿಯಂ ಅದರ ಜಾಗವನ್ನೆಲ್ಲ ಹಿಡಿದುಬಿಡುತ್ತದೆ.

ಈಗ ನನ್ನ ಕ್ಲೌನ್ ಮೀನುಗಳ ಕಥೆ. ಅಮೋನಿಯ 1ರ ಹತ್ತಿರ ಇತ್ತು, ಪಿಎಚ್ 7.8. ಪಿಎಚ್ ಕಡಿಮೆ ಇದೆ ಎಂದು ಯಾರೋ ಕೊಟ್ಟ ಪುಡಿ ಹಾಕಿ ಒಂದೇ ಸಂಜೆಯಲ್ಲಿ 8.4ಕ್ಕೆ ಏರಿಸಿದೆ. ಅಮೋನಿಯ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ, ಒಂದು ಅಷ್ಟೇನೂ ಅಪಾಯವಿಲ್ಲದ ಅಮೋನಿಯಂ, ಇನ್ನೊಂದು ಕಿವಿರು ಸುಡುವ ಅಮೋನಿಯ. ಪಿಎಚ್ ಏರಿದಷ್ಟೂ ಮೊದಲನೆಯದು ಎರಡನೆಯದಾಗುತ್ತದೆ. 7.8ರಿಂದ 8.4ಕ್ಕೆ ಹೋದರೆ ವಿಷದ ಪಾಲು ಮೂರೂವರೆ ಪಟ್ಟಿನಷ್ಟು. ಕಿಟ್ಟಿನಲ್ಲಿ ಅಂಕಿ ಮಾತ್ರ 1 ಎಂದೇ ಇತ್ತು. ಬೆಳಗ್ಗೆ ಎರಡೂ ಮೀನು ತಳದಲ್ಲಿದ್ದವು. ಕುವೆಂಪುನಗರದ ಚೀಟಿಯ ನಾಲ್ಕನೆಯ ಬಾಟಲಿ ಇದೇ ಪಿಎಚ್ ಏರಿಸುವ ಮದ್ದು.

ನೈಟ್ರೈಟ್ ಬಗ್ಗೆ ಎರಡೇ ಮಾತು. ಉಪ್ಪುನೀರಿನ ಕ್ಲೋರೈಡ್ ಮೀನಿನ ಕಿವಿರಿನಲ್ಲಿ ಅದನ್ನು ಬಹುಮಟ್ಟಿಗೆ ತಡೆಯುವುದರಿಂದ ಸಿಹಿನೀರಿನಷ್ಟು ಭಯ ಬೇಡ. ಅದು ಹೆಚ್ಚಿರುವಾಗ ನೈಟ್ರೇಟ್ ಕಿಟ್ ಸುಳ್ಳು ಹೇಳುತ್ತದೆ, ಬಹಳ ಹೆಚ್ಚು ತೋರಿಸುತ್ತದೆ. ಆ ಅಂಕಿಯನ್ನು ನಂಬಿ ಖರ್ಚು ಮಾಡಬೇಡಿ.

ಪಿಎಚ್ ಇಳಿದಾಗ

ಅಮೋನಿಯ ಸೊನ್ನೆಯಾದ ಮೇಲೂ ಪಿಎಚ್ 7.8ಕ್ಕಿಂತ ಕೆಳಗಿದ್ದರೆ ಮೊದಲು ಕ್ಷಾರತೆ ನೋಡಿ. ಅದು ಸರಿ ಇದ್ದರೆ ತಪ್ಪು ನೀರಿನದಲ್ಲ, ಕೋಣೆಯ ಗಾಳಿಯದು. ಟ್ಯಾಂಕಿನ ಒಂದು ಲೋಟ ನೀರನ್ನು ಹಿತ್ತಲಿಗೆ ಒಯ್ದು ಒಂದು ಗಂಟೆ ಗಾಳಿ ಪಂಪ್ ಹಾಕಿ ಮತ್ತೆ ಅಳೆಯಿರಿ. ಪಿಎಚ್ ಏರಿದರೆ ಮನೆಯೊಳಗೆ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡಿದೆ ಎಂದರ್ಥ. ಸೊಳ್ಳೆಗೆಂದು ಸಂಜೆ ಐದಕ್ಕೇ ಕಿಟಕಿ ಮುಚ್ಚುವ ನಮ್ಮ ಮನೆಗಳಲ್ಲಿ ಇದು ಮಾಮೂಲು. ಕಿಟಕಿಗೆ ಜಾಲರಿ ಹಾಕಿಸಿ ತೆರೆದಿಡುವುದು ಒಂದು ದಾರಿ, ಗಾಳಿಗುಳ್ಳೆಯಿಂದ ನೀರಿನ ಕೊಳೆ ತೆಗೆಯುವ ಸ್ಕಿಮ್ಮರಿಗೆ ಗಾಳಿ ಎಳೆಯುವ ಕೊಳವೆಯನ್ನು ಕಿಟಕಿಯಾಚೆ ಬಿಡುವುದು ಇನ್ನೊಂದು. ಎರಡೂ ಬಾಟಲಿಗಿಂತ ಅಗ್ಗ.

ಕ್ಷಾರತೆಯೇ ಕಡಿಮೆ ಇದ್ದರೆ ಅಡುಗೆ ಸೋಡಾ ಸಾಕು. ನೂರು ಲೀಟರಿಗೆ ಮೂರು ಗ್ರಾಂ ಹಾಕಿದರೆ ಒಂದು ಡಿಕೆಎಚ್ ಏರುತ್ತದೆ. ದಿನಕ್ಕೆ ಅಷ್ಟಕ್ಕಿಂತ ಹೆಚ್ಚು ಏರಿಸಬೇಡಿ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದರಲ್ಲಿ ಆಮ್ಲ, ಹಿಟ್ಟು ಎರಡೂ ಇವೆ. ಚೆಂದದ ಬಾಟಲಿಗಳಲ್ಲಿ ಬರುವ ಕ್ಷಾರತೆಯ ದ್ರಾವಣಗಳ ಒಳಗಿರುವುದೂ ಬಹುತೇಕ ಇದೇ ಸೋಡಾದ ಕುಟುಂಬ. ಅಳತೆ ಮಾಡಿಕೊಂಡು ಕೂರುವ ವ್ಯವಧಾನವಿಲ್ಲದವರಿಗೆ ಅವು ಅನುಕೂಲ, ಅಷ್ಟೇ.

ಸುಣ್ಣದ ತಿಳಿನೀರು ಮೈಸೂರಿನವರಿಗೆ ಹತ್ತಿರದ ಸಂಗತಿ, ಎಲೆ ಅಡಿಕೆಯ ತಟ್ಟೆಯಲ್ಲಿ ಸುಣ್ಣದ ಡಬ್ಬಿ ಇದ್ದೇ ಇರುತ್ತದೆ. ಆದರೆ ಟ್ಯಾಂಕಿಗೆ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯೇ ಬೇಕು. ಅದು ಕ್ಯಾಲ್ಸಿಯಂ, ಕ್ಷಾರತೆ, ಪಿಎಚ್ ಮೂರನ್ನೂ ಒಟ್ಟಿಗೆ ಏರಿಸುತ್ತದೆ. ಗಟ್ಟಿ ಹವಳಗಳು ಬೆಳೆಯುತ್ತಿರುವ ಹಳೆಯ ಟ್ಯಾಂಕಿಗೆ ಅದರಷ್ಟು ಅಗ್ಗದ, ಅಚ್ಚುಕಟ್ಟಾದ ಉಪಾಯ ಇಲ್ಲ. ತಿಳಿಯ ಪಿಎಚ್ 12ರ ಮೇಲಿರುವುದರಿಂದ ಹೊಸಬರ ಕೈ ಜಾರಿದರೆ ಟ್ಯಾಂಕ್ ಹಾಲಿನಂತೆ ಬೆಳ್ಳಗಾಗುತ್ತದೆ. ಮೊದಲ ಆರು ತಿಂಗಳು ಸುಣ್ಣ ಎಲೆಗೇ ಇರಲಿ.

ಕಂದು ಪಾಚಿ, ನೈಟ್ರೇಟ್, ಏಪ್ರಿಲ್

ಎರಡನೆಯ ತಿಂಗಳಲ್ಲಿ ಮರಳಿನ ಮೇಲೆ ಕಂದು ಪುಡಿಯಂತೆ ಹರಡುವುದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಅದಕ್ಕೆ ಬೇಕಾದ ಸಿಲಿಕೇಟ್ ಮುಗಿದ ಮೇಲೆ ತಾನಾಗಿ ಹೋಗುತ್ತದೆ, ನಲ್ಲಿ ನೀರು ಹಾಕುವವರಲ್ಲಿ ಹೋಗಿ ಹೋಗಿ ಬರುತ್ತದೆ. ಆ ಚೀಟಿಯ ಐದನೆಯ ಬಾಟಲಿ ಇದಕ್ಕಾಗಿ ಇತ್ತು. ನೈಟ್ರೇಟ್ 40 ಇದ್ದರೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಿ, ಊಟ ಕಡಿಮೆ ಮಾಡಿದರೆ ಮೂರು ವಾರದಲ್ಲಿ 20ರ ಒಳಗೆ ಬರುತ್ತದೆ.

ಬೇಸಿಗೆಯಲ್ಲಿ ಫ್ಯಾನ್ ಅಥವಾ ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಎಂಬ ಆಯ್ಕೆ ಬರುತ್ತದೆ. ನೀರಿನ ಮೇಲೆ ಬೀಸುವ ಸಣ್ಣ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ, ಮೈಸೂರಿನ ಒಳಕೋಣೆಗೆ ಹೆಚ್ಚಿನ ವರ್ಷ ಅಷ್ಟು ಸಾಕು. ಬದಲಿಗೆ ಅದು ನೀರನ್ನು ಕುಡಿಯುತ್ತದೆ. ದಿನಕ್ಕೆ ಎರಡು ಲೀಟರಿನಂತೆ ಐದು ದಿನ ತುಂಬದೆ ಬಿಟ್ಟು ಊರಿಗೆ ಹೋದರೆ ನೂರು ಲೀಟರಿನ ಟ್ಯಾಂಕಿನ ಲವಣಾಂಶ 35ರಿಂದ 39ಕ್ಕೆ ಹತ್ತಿರ. ಫ್ಯಾನ್ ಇಡುವವರು ತಾನಾಗಿ ನೀರು ತುಂಬುವ ಪಂಪನ್ನೂ ಇಡಬೇಕು, ಎರಡೂ ಸೇರಿದರೂ ಚಿಲ್ಲರಿನ ಬೆಲೆಯ ಸಣ್ಣ ಪಾಲು. ಮಂಡ್ಯದ ತಾರಸಿ ಕೆಳಗಿನ ಮಹಡಿ ಮನೆ, ಹವಳದ ಟ್ಯಾಂಕ್ ಎಂದಾದರೆ ಚಿಲ್ಲರ್ ತಪ್ಪುವುದಿಲ್ಲ, ಕರೆಂಟ್ ಬಿಲ್ಲೂ.

ಯಾರಿಗೆ ಯಾವುದು

ಸರಸ್ವತಿಪುರಂನ ಬಾಡಿಗೆ ಕೋಣೆಯಲ್ಲಿ ಅರವತ್ತು ಲೀಟರಿನ ಟ್ಯಾಂಕ್ ಇಟ್ಟ ವಿದ್ಯಾರ್ಥಿಗೆ: ಕ್ಯಾನಿನ ಆರ್‌ಒ ನೀರು, ಟಿಡಿಎಸ್ ಪೆನ್, ಸಾಮಾನ್ಯ ಉಪ್ಪು, ರಿಫ್ರಾಕ್ಟೋಮೀಟರ್, ಅಮೋನಿಯ ಮತ್ತು ಕ್ಷಾರತೆಯ ಎರಡೇ ಕಿಟ್. ಉಳಿದದ್ದಕ್ಕೆ ಕಾಯುವುದು.

ಮಂಡ್ಯದ ಬೋರ್‌ವೆಲ್ ಮನೆಗೆ: ಉಳಿದೆಲ್ಲ ಖರ್ಚು ಮುಂದೂಡಿ ಮೊದಲು ಆರ್‌ಒ-ಡಿಐ. ಅದಾಗುವವರೆಗೆ ಮೀನು ತರಬೇಡಿ.

ಕುಡಿಯುವ ಆರ್‌ಒ ಈಗಾಗಲೇ ಇರುವ ಮೈಸೂರಿನ ಮನೆಗೆ: ಒಂದು ಕವಲು, ಒಂದು ರಾಳದ ಕಾರ್ಟ್ರಿಜ್. ನಮ್ಮ ಕುವೆಂಪುನಗರದವರು ಮಾಡಿದ್ದು ಇದನ್ನೇ. ಮೊದಲ ಸಂಜೆ 31ರ ಉಪ್ಪುನೀರಿನಿಂದ ಅರ್ಧ ಟ್ಯಾಂಕ್ ಬದಲಾಯಿಸಿದರು, ಎರಡು ದಿನ ಬಿಟ್ಟು ಇನ್ನೊಮ್ಮೆ. ಆರಿದ ಜಾಗಕ್ಕೆ ಉಪ್ಪುನೀರು ತುಂಬುತ್ತಾ ಒಂದು ವಾರದಲ್ಲಿ 35 ಮುಟ್ಟಿಸಿದರು. ಪಿಎಚ್ ಇನ್ನೂ 7.9 ಇದೆ, ಅದನ್ನು ಹಾಗೆಯೇ ಬಿಟ್ಟಿದ್ದಾರೆ.

ಇನ್ನೂ ಟ್ಯಾಂಕನ್ನೇ ಕೊಳ್ಳದವರು ಮೂವತ್ತು ಲೀಟರಿನ ಪುಟ್ಟದು ಅಗ್ಗವೆಂದು ಆಸೆಪಡಬೇಡಿ. ಅಲ್ಲಿ ಒಂದು ಲೀಟರ್ ಆರಿದರೂ ಲವಣಾಂಶ ಒಂದು ಭಾಗಕ್ಕಿಂತ ಹೆಚ್ಚು ಏರುತ್ತದೆ. ಜಾಗ ಇದ್ದರೆ ನೂರಿಪ್ಪತ್ತು ಲೀಟರಿನದನ್ನೇ ತೆಗೆದುಕೊಳ್ಳಿ.